ಹೊಸ ಬ್ಯಾಟರಿ ಈಗಿರೋ ದೊಡ್ಡ ಕಾರಿಗೆ ಯಾವಾಗ ಬರುತ್ತೆ? ಮಾವನ ಪ್ರಶ್ನೆಗೆ ನನ್ನ ಉತ್ತರ

ಕಳೆದ ವಾರ ಶಿವಮೊಗ್ಗದಿಂದ ಮಾವ ಫೋನ್ ಮಾಡಿದ್ದರು. ಮಾವ ಅಂದ್ರೆ ಅಮ್ಮನ ತಮ್ಮ. ಅಡಿಕೆ ತೋಟ ಇದೆ, ಜೊತೆಗೆ ಅಡಿಕೆ ಮಂಡಿ. ಮೂವತ್ತು ವರ್ಷ ಹಗಲು ರಾತ್ರಿ ದುಡಿದು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಸಾಲ ಎಲ್ಲ ತೀರಿಸಿ, ಈಗ ತನಗೂ ಅತ್ತೆಗೂ ಅಂತ ಒಂದು ಒಳ್ಳೆ ಕಾರು ತಗೋಬೇಕು ಅಂತ ಮನಸ್ಸು ಮಾಡಿದ್ದಾರೆ. ಎಲೆಕ್ಟ್ರಿಕ್ ಕಾರೇ ಬೇಕು, ಅದೂ ಬೆಂಝ್ ಇಲ್ಲಾ ಬಿಎಂಡಬ್ಲ್ಯೂ.

"ಅಲ್ಲ ಕಣೋ, ಯಾವುದೋ ಸಾಲಿಡ್ ಸ್ಟೇಟ್ ಬ್ಯಾಟರಿ ಬರ್ತಿದೆಯಂತೆ, ಒಂದ್ಸಲ ಚಾರ್ಜ್ ಮಾಡಿದ್ರೆ ಸಾವಿರ ಕಿಲೋಮೀಟರ್ ಓಡುತ್ತಂತೆ. ಅದು ಈಗಿರೋ ಬೆಂಝಿಗೆ ಯಾವಾಗ ಬರುತ್ತೆ? ಈಗ ಕಾರು ತಗೊಂಡು ಆಮೇಲೆ ಆ ಬ್ಯಾಟರಿ ಹಾಕಿಸ್ಕೋಬಹುದಾ?"

ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. "ಬರೆದು ಕಳಿಸ್ತೀನಿ ಮಾವ" ಅಂದೆ. ಬರೆಯೋಕೆ ಕೂತಾಗ, ಇದೇ ಪ್ರಶ್ನೆ ಇಟ್ಟುಕೊಂಡು ಕಾಯುತ್ತಿರುವವರು ನನಗೆ ಗೊತ್ತಿರೋರಲ್ಲೇ ಇನ್ನೂ ಮೂರ್ನಾಲ್ಕು ಜನ ಇದ್ದಾರೆ ಅನ್ನೋದು ನೆನಪಾಯಿತು. ಹಾಗಾಗಿ ಇಲ್ಲೇ ಹಾಕುತ್ತಿದ್ದೇನೆ.

ಸಾಲಿಡ್ ಸ್ಟೇಟ್ ಅಂದರೆ, ಈಗಿನ ಬ್ಯಾಟರಿಯೊಳಗೆ ಇರುವ ದ್ರವದ ಬದಲು ಬಹುಮಟ್ಟಿಗೆ ಘನ ಪದಾರ್ಥ ಇರುವ ಬ್ಯಾಟರಿ. ಮೊದಲು, ಮಾವನಿಗೆ ಈ ಆಸೆ ಹುಟ್ಟಿಸಿದ ವಿಡಿಯೋ ಬಗ್ಗೆ. ಅದು ಸುಳ್ಳಲ್ಲ. 2025ರ ಆಗಸ್ಟ್‌ನಲ್ಲಿ ಮರ್ಸಿಡಿಸ್‌ನವರು ತಮ್ಮ ದೊಡ್ಡ ಎಲೆಕ್ಟ್ರಿಕ್ ಕಾರು ಇಕ್ಯೂಎಸ್ ಒಂದಕ್ಕೆ ಈ ಬ್ಯಾಟರಿ ಹಾಕಿ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಸ್ವೀಡನ್ನಿನ ಮಾಲ್ಮೋವರೆಗೆ ಓಡಿಸಿದರು. 1,205 ಕಿಲೋಮೀಟರ್. ಮಧ್ಯದಲ್ಲಿ ಎಲ್ಲೂ ಚಾರ್ಜ್ ಮಾಡಲಿಲ್ಲ. ಮಾಲ್ಮೋ ಮುಟ್ಟಿದಾಗ ಇನ್ನೂ 137 ಕಿಲೋಮೀಟರ್ ಓಡುವಷ್ಟು ಚಾರ್ಜ್ ಉಳಿದಿತ್ತು. ಸೆಲ್‌ಗಳು ಅಮೆರಿಕದ ಫ್ಯಾಕ್ಟೋರಿಯಲ್ ಅನ್ನುವ ಕಂಪನಿಯವು. ಆಗಿನ ಇಕ್ಯೂಎಸ್ ಬ್ಯಾಟರಿಯಷ್ಟೇ ತೂಕ, ಅಷ್ಟೇ ಗಾತ್ರದಲ್ಲಿ ಶೇಕಡಾ 25ರಷ್ಟು ಜಾಸ್ತಿ ಶಕ್ತಿ ಸಿಗುತ್ತದೆ ಅಂತ ಅವರು ಹೇಳಿದ್ದಾರೆ. ಬಿಎಂಡಬ್ಲ್ಯೂ ಕೂಡ ಅದೇ ವರ್ಷ ಮೇ ತಿಂಗಳಲ್ಲಿ ಸಾಲಿಡ್ ಪವರ್ ಕಂಪನಿಯ ಸೆಲ್‌ಗಳನ್ನು ಹಾಕಿದ ತನ್ನ ದೊಡ್ಡ ಎಲೆಕ್ಟ್ರಿಕ್ ಕಾರು ಐ7 ಒಂದನ್ನು ಮ್ಯೂನಿಕ್ ಸುತ್ತಮುತ್ತ ಓಡಿಸುತ್ತಿರುವುದಾಗಿ ಹೇಳಿತು.

ಇದನ್ನು ನೋಡಿದವರಿಗೆ ಅನಿಸೋದು ಒಂದೇ: ಇಕ್ಯೂಎಸ್‌ಗೆ ಹಾಕಿ ಓಡಿಸಿದ್ದಾರೆ, ಅಂದ್ಮೇಲೆ ಇಕ್ಯೂಎಸ್‌ಗೆ ಬಂದೇ ಬಿಟ್ಟಿತು, ಅಲ್ವಾ? ಮಾವನಿಗೂ ಹಾಗೇ ಅನಿಸಿದೆ. ಆದರೆ ದೊಡ್ಡ ಕಾರಿನಲ್ಲಿ ಪರೀಕ್ಷೆ ಮಾಡುವುದಕ್ಕೆ ಒಂದು ಸರಳ ಕಾರಣ ಇರಬಹುದು. ಅದರಲ್ಲಿ ಜಾಗ ಜಾಸ್ತಿ.

ಜಾಗ ಯಾಕೆ ಬೇಕು ಅಂದರೆ, ಈಗಿನ ಲಿಥಿಯಂ ಅಯಾನ್ ಸೆಲ್ ಒಳಗೆ ಗ್ರಾಫೈಟ್ ಇರುತ್ತದೆ. ಚಾರ್ಜ್ ಆಗುವಾಗ ಲಿಥಿಯಂ ಆ ಗ್ರಾಫೈಟ್ ಪದರಗಳ ಸಂದಿಯಲ್ಲಿ ಹೋಗಿ ಕೂರುತ್ತದೆ, ಗೋದಾಮಿನ ಅಟ್ಟದಲ್ಲಿ ಮೂಟೆ ಜೋಡಿಸಿದ ಹಾಗೆ. ಅಟ್ಟ ಮೊದಲೇ ಇರುವುದರಿಂದ ಮೂಟೆ ಬಂದರೂ ಹೋದರೂ ಗೋದಾಮಿನ ಗಾತ್ರ ಅಷ್ಟಾಗಿ ಬದಲಾಗಲ್ಲ. ಮರ್ಸಿಡಿಸ್ ಪರೀಕ್ಷೆ ಮಾಡಿದ್ದು ಸಾಲಿಡ್ ಸ್ಟೇಟ್‌ನಲ್ಲೇ ಲಿಥಿಯಂ ಮೆಟಲ್ ಅನ್ನುವ ಬಗೆಯ ಸೆಲ್. ಅದರಲ್ಲಿ ಅಟ್ಟವೇ ಇಲ್ಲ. ತೂಕ ಉಳಿಯೋದೂ ಅಲ್ಲೇ. ಆದರೆ ಚಾರ್ಜ್ ಆದಾಗ ಲಿಥಿಯಂ ಪದರ ಪದರವಾಗಿ ಕೂತು ಸೆಲ್ ದಪ್ಪ ಆಗುತ್ತದೆ, ಖಾಲಿಯಾದಾಗ ತೆಳ್ಳಗಾಗುತ್ತದೆ. ಕಾರಿನ ಹೊಟ್ಟೆಯೊಳಗೆ ಇಡೀ ಬ್ಯಾಟರಿ ದಿನಾ ಉಸಿರಾಡಿದ ಹಾಗೆ. ಅದನ್ನು ಸುಮ್ನೆ ಬಿಗಿಯಾಗಿ ಬೋಲ್ಟ್ ಹಾಕಿ ಕೂರಿಸಿದರೆ ಸೆಲ್ ಹಾಳಾಗುತ್ತದೆ, ಸಡಿಲ ಬಿಟ್ಟರೂ ಹಾಳಾಗುತ್ತದೆ. ಅದಕ್ಕೇ ಅವರು ಆ ಇಕ್ಯೂಎಸ್‌ನಲ್ಲಿ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಒಂದು ವ್ಯವಸ್ಥೆ ಇಟ್ಟಿದ್ದಾರೆ, ಸೆಲ್ ಹಿಗ್ಗಿದರೂ ಕುಗ್ಗಿದರೂ ಅದರ ಮೇಲಿನ ಒತ್ತಡವನ್ನು ಅದು ಹದದಲ್ಲಿ ಇಡುತ್ತದೆ. ಈ ಪ್ಯಾಕ್ ಮಾಡುವುದರಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ವರ್ತ್‌ನಲ್ಲಿರುವ ಅವರದೇ ಫಾರ್ಮುಲಾ ಒನ್ ಎಂಜಿನ್ ತಂಡ ಕೈಜೋಡಿಸಿದೆ. ಇಷ್ಟು ನಾಜೂಕಿನದನ್ನು ಒಂದು ಪರೀಕ್ಷೆಯ ಕಾರಿಗೆ ಕೂರಿಸುವುದು ಒಂದು ಮಾತು. ಸಾವಿರಾರು ಕಾರಿಗೆ ಕೂರಿಸಿ, ನಮ್ಮ ಊರಿನ ರಸ್ತೆಯಲ್ಲಿ ಹತ್ತು ವರ್ಷ ಓಡಲಿ ಅಂತ ಗ್ಯಾರಂಟಿ ಕೊಡುವುದು ಬೇರೆಯೇ ಮಾತು. ಮರ್ಸಿಡಿಸ್ ಕೂಡ ಈ ದಶಕದ ಕೊನೆಯ ಹೊತ್ತಿಗೆ ಮಾರುವ ಕಾರಿಗೆ ತರುವ ಗುರಿ ಅಂತಲೇ ಹೇಳುತ್ತಿದೆ. ಈಗ ಶೋರೂಮಿನಲ್ಲಿ ನಿಂತಿರುವ ಕಾರಿಗೆ ತರುತ್ತೇವೆ ಅಂತ ಹೇಳಿಲ್ಲ.

ಈಗ ನನಗೆ ತುಂಬ ಕಾಡಿದ ಒಂದು ಕಥೆ. ಟೆಸ್ಲಾ ಮಾಡೆಲ್ ಎಸ್.

ಎಲೆಕ್ಟ್ರಿಕ್ ಕಾರು ಅಂದರೆ ಗಾಲ್ಫ್ ಮೈದಾನದ ಗಾಡಿ ಅಂತ ಜನ ಅಂದುಕೊಂಡಿದ್ದ ಕಾಲದಲ್ಲಿ, 2012ರಲ್ಲಿ, ಆ ಕಾರು ಬಂದು ಎಲ್ಲರ ಅಭಿಪ್ರಾಯವನ್ನೇ ಬದಲಾಯಿಸಿತು. ನಾನು ಆಗ ಕಾಲೇಜಿನಲ್ಲಿದ್ದೆ, ಅದರ ವಿಡಿಯೋಗಳನ್ನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಅದರಲ್ಲಿ ಇದ್ದದ್ದು 18650 ಅನ್ನುವ ಸಣ್ಣ ಸೆಲ್, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 2017ರಲ್ಲಿ ಅದರ ಅರ್ಧ ಬೆಲೆಗೆ ಮಾಡೆಲ್ 3 ಬಂತು. ಅದಕ್ಕೆ ಹೊಸ 2170 ಸೆಲ್, ಹೊಸ ತರಹದ ಮೋಟಾರ್. ಮಾಡೆಲ್ ಎಸ್ ಕೊಂಡವರೆಲ್ಲ ಕೇಳೋಕೆ ಶುರು ಮಾಡಿದರು: ನಮ್ಮದು ದುಬಾರಿ ಕಾರು, ನಮಗೆ ಯಾವಾಗ?

ಎರಡು ವರ್ಷ ಕಾದ ಮೇಲೆ, 2019ರ ಏಪ್ರಿಲ್‌ನಲ್ಲಿ ಮೋಟಾರ್ ಬಂತು. ಕಮ್ಮಿ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡುವ, ಮಾಡೆಲ್ 3ರ ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರನ್ನು ಮಾಡೆಲ್ ಎಸ್ ಮುಂದಿನ ಚಕ್ರಗಳಿಗೆ ಕೊಟ್ಟರು. ಬ್ಯಾಟರಿ ಅದೇ 100 ಯೂನಿಟ್‌ನದು. ಆದರೂ ಒಂದು ಚಾರ್ಜಿಗೆ ಓಡುವ ದೂರ 335 ಮೈಲಿಯಿಂದ 370 ಮೈಲಿಗೆ ಏರಿತು. ಬ್ಯಾಟರಿಗೆ ಕೈಯೇ ಹಚ್ಚದೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಸಿಕ್ಕಿತು! (ಇಲ್ಲೊಂದು ಮಾತು. ಕಿಲೋವ್ಯಾಟ್ ಅವರ್ ಅಂತ ಕಾರಿನವರು ಹೇಳೋದು ನಮ್ಮ ಮನೆ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಹಾಗಾಗಿ ನಾನು ಯೂನಿಟ್ ಅಂತಲೇ ಬರೆಯುತ್ತೇನೆ, ಮಾವನಿಗೂ ಲೆಕ್ಕ ಸುಲಭ.)

ಹೊಸ ಸೆಲ್ ಮಾತ್ರ ಬರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಟೆಸ್ಲಾ ಇನ್ನೂ ದೊಡ್ಡದಾದ 4680 ಸೆಲ್ ತೋರಿಸಿತು. ಆ ಕಾಲದ ಹೊಸ ತಂತ್ರಜ್ಞಾನದ ಜೊತೆ 520 ಮೈಲಿ ಓಡುವ ಮಾಡೆಲ್ ಎಸ್ ಪ್ಲೇಡ್ ಪ್ಲಸ್ ಬರುತ್ತದೆ ಅಂತ ಬುಕಿಂಗ್ ಕೂಡ ತಗೊಂಡರು. 2021ರ ಜೂನ್‌ನಲ್ಲಿ ಅದನ್ನು ಇಲಾನ್ ಮಸ್ಕ್ ರದ್ದು ಮಾಡಿದರು. 2023ರ ಕೊನೆಯಲ್ಲಿ ಸೈಬರ್‌ಟ್ರಕ್ ಬಂತು, ಅದಕ್ಕೆ 4680 ಸೆಲ್ ಸಿಕ್ಕಿತು, 48 ವೋಲ್ಟ್ ವೈರಿಂಗ್ ಸಿಕ್ಕಿತು, ಚಕ್ರಕ್ಕೂ ಸ್ಟೀರಿಂಗಿಗೂ ನಡುವೆ ಕಬ್ಬಿಣದ ಕೊಂಡಿಯೇ ಇಲ್ಲದ ಸ್ಟೀರ್ ಬೈ ವೈರ್ ಸಿಕ್ಕಿತು. ಮಾಡೆಲ್ ಎಸ್‌ಗೆ? 2025ರ ಜೂನ್‌ನಲ್ಲಿ ಮುಂದೆ ಒಂದು ಕ್ಯಾಮರಾ, ಒಳಗೆ ಬಣ್ಣದ ಲೈಟು, ಇನ್ನೂ ಕೆಲವು ಸಣ್ಣ ಬದಲಾವಣೆ, ಜೊತೆಗೆ 5,000 ಡಾಲರ್ ಬೆಲೆ ಏರಿಕೆ. 2026ರ ಜನವರಿಯಲ್ಲಿ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಮಸ್ಕ್ ಹೇಳಿಬಿಟ್ಟರು. ಹದಿನಾಲ್ಕು ವರ್ಷ. ಇಡೀ ಕಂಪನಿಗೆ ಹೆಸರು ತಂದ ಕಾರಿಗೆ ಆ ಕಂಪನಿಯ ಹೊಸ ಸೆಲ್ ಕೊನೆಗೂ ದಕ್ಕಲಿಲ್ಲ. ನನಗೆ ನಿಜವಾಗಿಯೂ ಬೇಜಾರಾಯಿತು.

ಇದು ಟೆಸ್ಲಾ ಒಂದರ ಕಥೆ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಪೆಟ್ರೋಲ್ ಕಾರಿನ ಕಾಲದಲ್ಲಿ ಹೊಸದು ಏನೇ ಬಂದರೂ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಎಬಿಎಸ್ ಬ್ರೇಕ್ 1978ರಲ್ಲಿ ಬೆಂಝ್ ಎಸ್-ಕ್ಲಾಸ್‌ಗೆ ಬಂತು. ಡ್ರೈವರ್ ಏರ್‌ಬ್ಯಾಗ್ ಕೂಡ ಎಂಬತ್ತರ ದಶಕದ ಶುರುವಿನಲ್ಲಿ ಎಸ್-ಕ್ಲಾಸ್‌ನಲ್ಲೇ. ಅದು ಮಧ್ಯಮ ವರ್ಗದವರ ಸಣ್ಣ ಕಾರಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ನಮ್ಮ ಮಾವನ ತಲೆಯಲ್ಲಿರುವುದೂ ಅದೇ ಲೆಕ್ಕ, ದುಡ್ಡು ಜಾಸ್ತಿ ಕೊಟ್ಟರೆ ಹೊಸದು ಮೊದಲು ಸಿಗುತ್ತೆ ಅಂತ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಲೆಕ್ಕ ತಲೆಕೆಳಗಾಗಿದೆ. ಇಲ್ಲಿ ಹೊಸದು ಮೊದಲು ಬರೋದು ಅತಿ ದುಬಾರಿ ಕಾರಿಗಲ್ಲ, ಅತಿ ಇತ್ತೀಚೆಗೆ ಬುಡದಿಂದ ಕಟ್ಟಿದ ಕಾರಿಗೆ.

ನಮ್ಮಲ್ಲೇ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಪುಣೆ ಹತ್ತಿರದ ಚಾಕಣ್‌ನಲ್ಲಿ ಜೋಡಿಸಿದ ಇಕ್ಯೂಎಸ್ 580 ಬಂತು, ಶೋರೂಮ್ ಬೆಲೆ 1.55 ಕೋಟಿ. 107.8 ಯೂನಿಟ್ ಬ್ಯಾಟರಿ, ನಮ್ಮ ದೇಶದ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಲೆಕ್ಕದಲ್ಲಿ 857 ಕಿಲೋಮೀಟರ್. ಅದ್ಭುತ ಕಾರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರದ್ದು 400 ವೋಲ್ಟ್ ವ್ಯವಸ್ಥೆ. ಅದಾಗಿ ಕೆಲವೇ ತಿಂಗಳಿಗೆ, 2023ರ ಜನವರಿಯಲ್ಲಿ, ಹ್ಯುಂಡೈ ಅಯಾನಿಕ್ 5 ಸುಮಾರು 45 ಲಕ್ಷಕ್ಕೆ ಬಂತು. ಅದರದ್ದು 800 ವೋಲ್ಟ್! ಮೂರು ಪಟ್ಟು ಕಮ್ಮಿ ಬೆಲೆಯ ಕಾರಿನಲ್ಲಿ.

ಇದು ಬರೀ ಅಂಕಿಯ ಜಂಬ ಅಲ್ಲ. ಚಾರ್ಜಿಂಗ್ ಗನ್ ಮೂಲಕ ಹರಿಯುವ ಕರೆಂಟಿಗೆ ಒಂದು ಮಿತಿ ಇದೆ, ಸಾಮಾನ್ಯವಾಗಿ 500 ಆಂಪಿಯರ್. 400 ವೋಲ್ಟ್ ಗುಣಿಸು 500 ಆಂಪಿಯರ್, ಅಂದರೆ 200 ಕಿಲೋವ್ಯಾಟ್. ಆಗ ಬಂದ ಇಕ್ಯೂಎಸ್ ತಗೊಳ್ಳುವ ಗರಿಷ್ಠ ಚಾರ್ಜಿಂಗ್ ಎಷ್ಟು ಗೊತ್ತಾ? 200 ಕಿಲೋವ್ಯಾಟ್. ಮೊದಲು ಬಂದ ಬಿಎಂಡಬ್ಲ್ಯೂ ಐ7ರದ್ದು 195. ಅದೇ ವೋಲ್ಟೇಜ್ ಎರಡು ಪಟ್ಟು ಮಾಡಿ, ಅದೇ 500 ಆಂಪಿಯರ್ ಹರಿಸಿದರೆ 400 ಕಿಲೋವ್ಯಾಟ್. 2025ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ತೋರಿಸಿದ ಬಿಎಂಡಬ್ಲ್ಯೂ ಐಎಕ್ಸ್3ರ ಚಾರ್ಜಿಂಗ್ ಸರಿಯಾಗಿ ಅಷ್ಟೇ. ಇನ್ನೊಂದು ಲಾಭ ಇದೆ. ಅಷ್ಟೇ ಶಕ್ತಿಯನ್ನು ಅರ್ಧ ಕರೆಂಟಿನಲ್ಲಿ ಕಳಿಸಿದರೆ ವೈರಿನಲ್ಲಿ ಹುಟ್ಟುವ ಬಿಸಿ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ ಇಕ್ಯೂಎಸ್‌ಗೆ 800 ವೋಲ್ಟ್ ಹಾಕಿಬಿಡಿ, ಏನು ಕಷ್ಟ? ಮಾವ ಖಂಡಿತ ಕೇಳುತ್ತಾರೆ. ಕಷ್ಟ ಏನಂದರೆ ವೋಲ್ಟೇಜ್ ಬರೀ ಬ್ಯಾಟರಿಯ ವಿಷಯ ಅಲ್ಲ. ಮೋಟಾರ್, ಇನ್ವರ್ಟರ್, ಮನೆಯಲ್ಲಿ ಚಾರ್ಜ್ ಮಾಡುವಾಗ ಬಳಸುವ ಒಳಗಿನ ಚಾರ್ಜರ್, ಎಸಿಯ ಕಂಪ್ರೆಸರ್, ಹೀಟರ್, ಫ್ಯೂಸು, ಕನೆಕ್ಟರು, ಎಲ್ಲವೂ ಆ ವೋಲ್ಟೇಜ್ ತಡೆಯಬೇಕು. ಮನೆಯ ವೈರಿಂಗ್ ಪೂರ್ತಿ ಕಿತ್ತು ಹೊಸದಾಗಿ ಮಾಡಿದ ಹಾಗೆ. ಮಾಡೋಕೆ ಆಗಲ್ಲ ಅಂತಲ್ಲ. ಕಂಪನಿ ಗಟ್ಟಿ ಮನಸ್ಸು ಮಾಡಿ, ಮೇಲಿನ ಬಾಡಿ ಉಳಿಸಿಕೊಂಡು ಒಳಗಿನದನ್ನೆಲ್ಲ ಬದಲಾಯಿಸಬಹುದು. ಆದರೆ ವರ್ಷಕ್ಕೆ ಕೆಲವೇ ಸಾವಿರ ಮಾರಾಟ ಆಗುವ ಕಾರಿಗೆ ಅಷ್ಟು ದುಡ್ಡು ಸುರಿಯೋಕೆ ಲೆಕ್ಕ ನೋಡುವವರು ಒಪ್ಪಬೇಕಲ್ಲ. ಲಕ್ಷಗಟ್ಟಲೆ ಮಾರುವ ಸಣ್ಣ ಕಾರಿಗೆ ಸುರಿದರೆ ಬೇಗ ವಾಪಸ್ ಬರುತ್ತದೆ. ಮರ್ಸಿಡಿಸ್ 2025ರ ಮಾರ್ಚ್‌ನಲ್ಲಿ 800 ವೋಲ್ಟ್, 85 ಯೂನಿಟ್‌ನಲ್ಲೇ ಯುರೋಪಿನ ಲೆಕ್ಕದಲ್ಲಿ 792 ಕಿಲೋಮೀಟರ್, 320 ಕಿಲೋವ್ಯಾಟ್ ಚಾರ್ಜಿಂಗ್ ಎಲ್ಲ ಕೊಟ್ಟಿದ್ದು ತನ್ನ ಸಣ್ಣ ಕಾರು ಸಿಎಲ್‌ಎಗೆ. ದೊಡ್ಡಣ್ಣನಿಗೆ ಆಗ ಇಲ್ಲದ್ದು ಮನೆಯ ಕಿರಿಯವನಿಗೆ ಸಿಕ್ಕಿತು.

ಹಳೆ ಕಾರಿಗೆ ಏನೂ ಬರುವುದೇ ಇಲ್ಲ ಅಂತಲ್ಲ. ಔಡಿಯ ಕಥೆಯಲ್ಲಿ ಒಂದು ಒಳ್ಳೆ ಪಾಠ ಇದೆ. ಅವರ ಮೊದಲ ಇ-ಟ್ರಾನ್ ಬ್ಯಾಟರಿ 95 ಯೂನಿಟ್. 2022ರ ನವೆಂಬರ್‌ನಲ್ಲಿ ಅದಕ್ಕೆ ಕ್ಯೂ8 ಇ-ಟ್ರಾನ್ ಅಂತ ಹೆಸರು ಬದಲಿಸಿ ಹೊಸ ರೂಪದಲ್ಲಿ ತಂದಾಗ ಬ್ಯಾಟರಿ 114 ಯೂನಿಟ್ ಆಗಿತ್ತು. ಪೆಟ್ಟಿಗೆಯ ಗಾತ್ರ ಬದಲಾಗಲಿಲ್ಲ! ಸೆಲ್ ಒಳಗಿನ ಪದರಗಳನ್ನು ಮೊದಲು ಸುರುಳಿ ಸುತ್ತುತ್ತಿದ್ದರು, ಮೂಲೆಯಲ್ಲಿ ಜಾಗ ಹಾಳಾಗುತ್ತಿತ್ತು. ಆಮೇಲೆ ಒಂದರ ಮೇಲೊಂದು ಜೋಡಿಸಿದರು, ಮೂಲೆಯೂ ತುಂಬಿತು. ಬಿಎಂಡಬ್ಲ್ಯೂನ ಸಣ್ಣ ಕಾರು ಐ3 ಕೂಡ ಹೀಗೇ ಬೆಳೆಯಿತು: 2013ರಲ್ಲಿ 22 ಯೂನಿಟ್, 2016ರಲ್ಲಿ 33, 2018ರಲ್ಲಿ 42. ಕಾರು ಅದೇ, ಬ್ಯಾಟರಿಯ ಜಾಗವೂ ಅಷ್ಟೇ, ಒಳಗಿನ ಸರಕು ಮಾತ್ರ ಗಟ್ಟಿಯಾಗುತ್ತಾ ಹೋಯಿತು. ನನ್ನ ಮಟ್ಟಿಗೆ ಇದರಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಪೋರ್ಷೆ. 2019ರ ಟೈಕಾನ್ ಮೊದಲ ದಿನದಿಂದಲೇ 800 ವೋಲ್ಟ್. ಬುಡ ಗಟ್ಟಿ ಇತ್ತು. ಹಾಗಾಗಿ 2024ರಲ್ಲಿ ಅದೇ ಕಾರನ್ನು ಸುಧಾರಿಸಿ ತಂದ ಫೇಸ್‌ಲಿಫ್ಟ್‌ನಲ್ಲಿ ಅವರಿಗೆ ಎಷ್ಟೆಲ್ಲ ಮಾಡೋಕೆ ಆಯಿತು ಅಂದರೆ, ಬ್ಯಾಟರಿ 93.4ರಿಂದ 105 ಯೂನಿಟ್, ಚಾರ್ಜಿಂಗ್ 270ರಿಂದ 320 ಕಿಲೋವ್ಯಾಟ್, ಬ್ಯಾಟರಿಯ ತೂಕ 9 ಕಿಲೋ ಕಮ್ಮಿ. ಅದರ ತಂಗಿ ಔಡಿ ಇ-ಟ್ರಾನ್ ಜಿಟಿಗೂ ಅದೇ ವರ್ಷ ಅದೇ ಬ್ಯಾಟರಿ ಸಿಕ್ಕಿತು.

ಎಲ್ಲರೂ ಹೀಗೆ ಮಾಡಲ್ಲ. ಜಾಗ್ವಾರ್ ಐ-ಪೇಸ್ 2018ರಲ್ಲಿ 90 ಯೂನಿಟ್ ಬ್ಯಾಟರಿಯ ಜೊತೆ ಬಂತು, ಕೊನೆಯವರೆಗೂ ಅದೇ 90. 2019ರ ಕೊನೆಯಲ್ಲಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ ಹೆಚ್ಚಾಯಿತು, ಅದೂ ಈಗಾಗಲೇ ಕಾರು ಕೊಂಡವರಿಗೂ ಸಿಕ್ಕಿತು. ಅದು ದೊಡ್ಡ ಮಾತು.

ಇಷ್ಟು ನೋಡಿದ ಮೇಲೆ ನನಗೆ ಹೊಳೆದದ್ದು ಇದು. ಸಾಫ್ಟ್‌ವೇರ್ ಬೇಗ ಬರುತ್ತದೆ, ಈಗಾಗಲೇ ಮನೆಯಲ್ಲಿ ನಿಂತಿರುವ ಕಾರಿಗೂ ಬರುತ್ತದೆ. (ಮರ್ಸಿಡಿಸ್‌ಗೆ ಜರ್ಮನಿ ಬಿಟ್ಟರೆ ಅತಿ ದೊಡ್ಡ ಸಂಶೋಧನಾ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ, 1996ರಿಂದ. ಸಾವಿರಾರು ಎಂಜಿನಿಯರುಗಳು ಅಲ್ಲಿ ಕೂತು ಕೆಲಸ ಮಾಡುತ್ತಿದ್ದಾರೆ ಅಂತ ನೆನೆಸಿಕೊಂಡರೆ ಹೆಮ್ಮೆ ಆಗುತ್ತದೆ.) ಅದೇ ಗಾತ್ರದ ಪೆಟ್ಟಿಗೆಗೆ ಕೂರುವ ಸುಧಾರಿಸಿದ ಸೆಲ್, ಇನ್ನೊಂದು ಮಾಡೆಲ್‌ನಿಂದ ಎರವಲು ತಂದ ಮೋಟಾರ್, ಇವು ಫೇಸ್‌ಲಿಫ್ಟ್‌ನಲ್ಲಿ ಬರುತ್ತವೆ, ಅಂದರೆ ಕಾರು ಬಂದ ಮೂರ್ನಾಲ್ಕು ವರ್ಷಕ್ಕೆ. ಆದರೆ ಆಮೇಲೆ ಕೊಂಡವರಿಗೆ ಮಾತ್ರ. ಇನ್ನು ವೋಲ್ಟೇಜ್ ಬದಲಾಗುವುದು, ಸೆಲ್‌ಗಳೇ ಕಾರಿನ ನೆಲದ ಭಾಗ ಆಗುವುದು, ಹಿಗ್ಗಿ ಕುಗ್ಗುವ ಸಾಲಿಡ್ ಸ್ಟೇಟ್, ಇವು ಬಹುಮಟ್ಟಿಗೆ ಮುಂದಿನ ತಲೆಮಾರಿನ ಕಾರಿಗೇ. ಬಿಎಂಡಬ್ಲ್ಯೂ ಆ ಐಎಕ್ಸ್3ರಲ್ಲಿ ತಂದ, ನೋಯೆ ಕ್ಲಾಸೆ ಅನ್ನುವ ಹೊಸ ತಲೆಮಾರಿನ ತಂತ್ರಜ್ಞಾನವನ್ನು 2027ರ ಒಳಗೆ ಹೊಸ ಮತ್ತು ಫೇಸ್‌ಲಿಫ್ಟ್ ಸೇರಿ 40 ಮಾಡೆಲ್‌ಗಳಿಗೆ ಹಂಚುವುದಾಗಿ ಹೇಳಿದೆ. ಆದರೆ ಹಂಚುವುದು ಅಂದರೆ ಪ್ರತಿ ಕಾರಿಗೂ ಎಲ್ಲವೂ ಸಿಗುತ್ತದೆ ಅಂತ ಅಲ್ಲ. ಒಂದಕ್ಕೆ ಸ್ಕ್ರೀನು, ಇನ್ನೊಂದಕ್ಕೆ ಕಂಪ್ಯೂಟರು, ಮತ್ತೊಂದಕ್ಕೆ ಬ್ಯಾಟರಿ. ಶೋರೂಮಿನವರು 'ಹೊಸ ಟೆಕ್ನಾಲಜಿ ಸರ್' ಅಂದಾಗ ಯಾವುದು ಅಂತ ಬಿಡಿಸಿ ಕೇಳಲೇಬೇಕು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಕೇಳದೆ ಮೋಸಹೋದರು. ಕಂಪನಿಯ ಹೆಸರು ಬೇಡ. ಒಳ್ಳೆ ಡಿಸ್ಕೌಂಟ್ ಕೊಟ್ಟರು ಅಂತ ದೊಡ್ಡ ಎಲೆಕ್ಟ್ರಿಕ್ ಕಾರು ತಗೊಂಡರು. ಆರು ತಿಂಗಳಿಗೆ ಅದೇ ಕಾರು ದೊಡ್ಡ ಬ್ಯಾಟರಿ ಹಾಕಿಕೊಂಡು ಬಂತು. ಡಿಸ್ಕೌಂಟ್ ಯಾಕೆ ಕೊಟ್ಟರು ಅಂತ ಆಗ ಗೊತ್ತಾಯಿತು. ಕಾರು ಚೆನ್ನಾಗಿಯೇ ಓಡುತ್ತಿದೆ, ಆದರೂ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅದನ್ನು ಹೇಳಿ ನೊಂದುಕೊಳ್ಳುತ್ತಾರೆ. ಒಂದು ಮಾತು ಮೊದಲೇ ಹೇಳಿದ್ದರೆ ಅವರೇ ಯೋಚಿಸಿ ತೀರ್ಮಾನ ಮಾಡುತ್ತಿದ್ದರು.

ಇನ್ನು ಮಾವನ ಕೊನೆಯ ಪ್ರಶ್ನೆ, ಆಮೇಲೆ ಬ್ಯಾಟರಿ ಬದಲಾಯಿಸಿ ಹಾಕಿಸ್ಕೋಬಹುದಾ ಅನ್ನೋದು. ಹಾಗೆ ಆಗಿದ್ದಿದೆ, ಆದರೆ ಬೆರಳೆಣಿಕೆ. ಟೆಸ್ಲಾ 2015ರಲ್ಲಿ ತನ್ನ ಹಳೆಯ ರೋಡ್‌ಸ್ಟರ್ ಕಾರುಗಳಿಗೆ ದೊಡ್ಡ ಬ್ಯಾಟರಿ ಹಾಕಿಕೊಟ್ಟಿತು, 53 ಯೂನಿಟ್ ಜಾಗದಲ್ಲಿ ಸುಮಾರು 80 ಯೂನಿಟ್. ಅದಕ್ಕೆ ತಗೊಂಡದ್ದು 29,000 ಡಾಲರ್. ಬಿಎಂಡಬ್ಲ್ಯೂ 2016ರಲ್ಲಿ ಕೆಲವು ದೇಶಗಳಲ್ಲಿ ಐ3 ಮಾಲೀಕರಿಗೆ 33 ಯೂನಿಟ್ ಬ್ಯಾಟರಿಗೆ ಬದಲಾಯಿಸಿಕೊಳ್ಳುವ ದಾರಿ ಕೊಡುವುದಾಗಿ ಹೇಳಿತ್ತು. ಇವೆಲ್ಲಕ್ಕಿಂತ ಮುಂದೆ ಹೋಗಿರೋದು ಚೀನಾದ ನಿಯೋ. ಅವರ ಕಾರಿನ ಬ್ಯಾಟರಿ ಕೆಳಗಿನಿಂದ ಬಿಚ್ಚಿ ಮೂರ್ನಾಲ್ಕು ನಿಮಿಷದಲ್ಲಿ ಬೇರೆ ಹಾಕುವ ಹಾಗೆ ಇದೆ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ಹಾಗೆ. 2023ರ ಡಿಸೆಂಬರ್ 17ರಂದು ಆ ಕಂಪನಿಯ ಮುಖ್ಯಸ್ಥ ವಿಲಿಯಂ ಲಿ ಅವರೇ 150 ಯೂನಿಟ್‌ನ ಸೆಮಿ ಸಾಲಿಡ್ (ಒಳಗೆ ಸ್ವಲ್ಪ ದ್ರವವೂ ಇರುವ) ಬ್ಯಾಟರಿ ಹಾಕಿದ ಇಟಿ7 ಕಾರನ್ನು ಒಂದೇ ಚಾರ್ಜಿನಲ್ಲಿ 1,044 ಕಿಲೋಮೀಟರ್ ಓಡಿಸಿದರು. ಇಟಿ7 ಅವರ ದೊಡ್ಡ ದುಬಾರಿ ಕಾರು, ಆಗಲೇ ಮಾರಾಟದಲ್ಲಿದ್ದದ್ದು. ಮರುವರ್ಷ ಆ ಬ್ಯಾಟರಿಯನ್ನು ಬಾಡಿಗೆಗೆ ಕೊಡೋಕೆ ಶುರು ಮಾಡಿದರು. ಊರಿಗೆ ಹೋಗುವಾಗ ದೊಡ್ಡದು ಹಾಕಿಸ್ಕೊಂಡು ಹೋಗಿ, ಬಂದ ಮೇಲೆ ವಾಪಸ್ ಕೊಡುವುದು. ಎಷ್ಟು ಚೆನ್ನಾಗಿದೆ ಅಲ್ವಾ! ಹಳೆ ಕಾರಿಗೆ ಹೊಸ ಬ್ಯಾಟರಿ ಬರಬೇಕಾದರೆ ಪೆಟ್ಟಿಗೆಯ ಅಳತೆ, ಬೋಲ್ಟಿನ ಜಾಗ, ಕನೆಕ್ಟರ್ ಎಲ್ಲ ಮೊದಲ ದಿನವೇ ಅದಕ್ಕೆ ಅಂತ ಇಟ್ಟಿರಬೇಕು. ಮಾವ ನೋಡುತ್ತಿರುವ ಜರ್ಮನಿಯ ದೊಡ್ಡ ಕಾರುಗಳಲ್ಲಿ ಹಾಗೆ ಇಟ್ಟಿಲ್ಲ. ಹೊರಗಿನ ಗ್ಯಾರೇಜಿನಲ್ಲಿ ಹಾಕಿಸುವ ಯೋಚನೆಯಂತೂ ಬೇಡವೇ ಬೇಡ. ನಮ್ಮಲ್ಲಿ ಬ್ಯಾಟರಿ ಸುರಕ್ಷತೆಗೆ ಎಐಎಸ್ 038 ಅನ್ನುವ ನಿಯಮ ಇದೆ, ಕಂಪನಿಯವರೇ ಬ್ಯಾಟರಿ ಬದಲಾಯಿಸಿದರೂ ಪರೀಕ್ಷೆ ಮಾಡಿಸಿ ಪಾಸಾಗಬೇಕು. ಹೊರಗೆ ಹಾಕಿಸಿದರೆ ಗ್ಯಾರಂಟಿ, ಇನ್ಶೂರೆನ್ಸ್ ಎರಡನ್ನೂ ಕಳೆದುಕೊಂಡು ಕೂರಬೇಕಾಗುತ್ತದೆ.

ಹಾಗಾದರೆ ಮಾವ ಕಾಯಬೇಕಾ?

ಇಲ್ಲಿ ನಾನು ಶಿವಮೊಗ್ಗ ರಸ್ತೆಯ ಲೆಕ್ಕ ಹಾಕಿದೆ. ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ಮಾವ ತಿಂಗಳಿಗೆ ಎರಡು ಸಲ ಮಗಳ ಮನೆಗೆ ಬರುತ್ತಾರೆ, ಎರಡು ದಿನ ಇದ್ದು ಹೋಗುತ್ತಾರೆ. 107 ಯೂನಿಟ್ ಬ್ಯಾಟರಿಯ ಕಾರಿಗೆ 300 ಕಿಲೋಮೀಟರ್ ಏನೇನೂ ಅಲ್ಲ, ಎಸಿ ಹಾಕಿ, ತುಂಬ ಸಾಮಾನು ಹೇರಿಕೊಂಡು, ಅಜ್ಜಿಗೆ ಅಂತ ಮಧ್ಯ ಮೂರು ಸಲ ನಿಲ್ಲಿಸಿ ಬಂದರೂ ಇನ್ನೂ ಉಳಿದಿರುತ್ತದೆ. ಮಗಳ ಅಪಾರ್ಟ್‌ಮೆಂಟಿನಲ್ಲಿ ಚಾರ್ಜಿಂಗ್ ಇದೆ. ಶಿವಮೊಗ್ಗದ ಮನೆಗೆ ತ್ರೀ ಫೇಸ್ ಇದೆ, 11 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದರೆ ರಾತ್ರಿ ಹತ್ತು ಹನ್ನೊಂದು ತಾಸಿನಲ್ಲಿ ಖಾಲಿ ಬ್ಯಾಟರಿ ತುಂಬುತ್ತದೆ. ತೋಟದ ಮನೆಯಲ್ಲಿ ಮಾತ್ರ ಆ ಲೆಕ್ಕ ನಡೆಯಲ್ಲ, ಅಲ್ಲಿ ತ್ರೀ ಫೇಸ್ ಬರೋದೇ ಪಂಪ್‌ಸೆಟ್ ಹೊತ್ತಿಗೆ.

ದಾರಿಯಲ್ಲಿ ಸಿಗುವ ಫಾಸ್ಟ್ ಚಾರ್ಜರುಗಳಲ್ಲಿ 60 ಕಿಲೋವ್ಯಾಟಿನವು ಸಾಮಾನ್ಯ. ಅಂಥದರಲ್ಲಿ 800 ವೋಲ್ಟ್ ಕಾರೂ 60, 400 ವೋಲ್ಟ್ ಕಾರೂ 60. ಅಯಾನಿಕ್ 5 ದೊಡ್ಡ 350 ಕಿಲೋವ್ಯಾಟ್ ಚಾರ್ಜರಿನಲ್ಲಿ ಶೇಕಡಾ 10ರಿಂದ 80ಕ್ಕೆ 18 ನಿಮಿಷದಲ್ಲಿ ಏರುತ್ತದೆ, ಆದರೆ 60ರಲ್ಲಿ ನಿಲ್ಲಿಸಿದರೆ ಅದಕ್ಕೂ ಐವತ್ತು ನಿಮಿಷಕ್ಕಿಂತ ಹೆಚ್ಚು ಬೇಕು. ಅಂದಮೇಲೆ 800 ವೋಲ್ಟ್ ಬರಲಿ ಅಂತ ಈಗ ಕಾಯುವುದರಿಂದ ಮಾವನಿಗೆ ಸಿಗುವ ಲಾಭ ಕಮ್ಮಿ. ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಆ ಮಾತು ಬೇರೆ, ಅಷ್ಟರಲ್ಲಿ ದೊಡ್ಡ ಚಾರ್ಜರುಗಳು ಬಂದಿರುತ್ತವೆ. ಹೊಸದರಲ್ಲೂ ಕಿರಿಕಿರಿ ಇಲ್ಲದೆ ಇಲ್ಲ. ಯುರೋಪಿನಲ್ಲಿ ಮೊದಲು ಬಂದ 800 ವೋಲ್ಟ್ ಸಿಎಲ್‌ಎ ಕಾರುಗಳು 400 ವೋಲ್ಟ್‌ನ ಫಾಸ್ಟ್ ಚಾರ್ಜರಿನಲ್ಲಿ ಚಾರ್ಜೇ ಆಗುತ್ತಿರಲಿಲ್ಲ. ಹಳೇ ಚಾರ್ಜರುಗಳಿರುವ ಕಡೆ ಅಂಥ ಕಾರು ತಗೊಂಡು ನಡುದಾರಿಯಲ್ಲಿ ನಿಂತರೆ ಯಾರನ್ನು ಕೇಳೋದು?

ಇನ್ನೊಂದು ಖರ್ಚು ಶೋರೂಮಿನವರು ಕೊನೆಗೆ ಹೇಳುತ್ತಾರೆ. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರಿಗೆ ರಸ್ತೆ ತೆರಿಗೆ ಇಲ್ಲ ಅಂತ ಮಾವ ಇನ್ನೂ ಅಂದುಕೊಂಡಿದ್ದರು. 2024ರಿಂದ 25 ಲಕ್ಷಕ್ಕಿಂತ ಮೇಲಿನ ಎಲೆಕ್ಟ್ರಿಕ್ ಕಾರಿಗೆ ಶೇಕಡಾ 10 ಜೀವಿತಾವಧಿ ತೆರಿಗೆ ಇದೆ. 1.55 ಕೋಟಿಯ ಕಾರಿಗೆ ಹದಿನೈದೂವರೆ ಲಕ್ಷ. ಅದೇ ದುಡ್ಡಿಗೆ ಒಂದು ಒಳ್ಳೆ ಸಣ್ಣ ಎಲೆಕ್ಟ್ರಿಕ್ ಕಾರು ಬರುತ್ತದೆ!

ಇಷ್ಟನ್ನೂ ಮಾವನಿಗೆ ಕಳಿಸಿದೆ. ಮರುದಿನ ಬೆಳಗ್ಗೆ ಏಳಕ್ಕೇ ಫೋನ್.

"ಪೂರ್ತಿ ಓದಿದೆ ಕಣೋ. ನಮ್ಮ ಮಂಡಿಗೆ ಬರೋ ಕೆಲವರು ರೇಟು ಇನ್ನೂ ಏರಲಿ ಅಂತ ರಾಶಿ ಇಡಿ ಅಡಿಕೆ ಮೂಟೆ ಕಟ್ಟಿ ಇಟ್ಟು, ಎರಡು ವರ್ಷ ಬಿಟ್ಟು ತರ್ತಾರೆ. ಅಷ್ಟರಲ್ಲಿ ಬಣ್ಣ ಹೋಗಿರುತ್ತೆ. ನಾನೂ ಹಾಗೆ ಕೂತಿದ್ದೆ. ನಂಗೆ ಈಗ ಅರವತ್ತೆರಡು. ಆ ಸಾಲಿಡ್ ಸ್ಟೇಟ್ ಬಂದು, ನಮ್ಮ ದೇಶಕ್ಕೆ ಬಂದು, ಅದರ ತಕರಾರೆಲ್ಲ ಸರಿಹೋಗೋ ಹೊತ್ತಿಗೆ ನಾನೇ ಓಡಿಸ್ತೀನೋ ಇಲ್ಲವೋ."

"ಹಾಗಂತ ಅವಸರ ಬೇಡ ಮಾವ. ಈಗಿರೋ ಮಾಡೆಲ್ ಯಾವ ವರ್ಷ ಬಂದದ್ದು, ಫೇಸ್‌ಲಿಫ್ಟ್ ಆಗಿದೆಯಾ ಇಲ್ವಾ, ಮುಂದಿನದು ಯಾವಾಗ ಅಂತ ಮೊದಲು ಕೇಳಿ. ಫೇಸ್‌ಲಿಫ್ಟ್ ಆರು ತಿಂಗಳಲ್ಲಿ ಇದೆ ಅಂದರೆ ಅದಕ್ಕೆ ಕಾಯಿರಿ. ಅದು ಕಾಯೋಕೆ ಯೋಗ್ಯ. ಬ್ಯಾಟರಿ ಗ್ಯಾರಂಟಿ ಎಷ್ಟು ವರ್ಷ ಅಂತ ಬರೆದು ತಗೊಳ್ಳಿ, ಇಕ್ಯೂಎಸ್‌ಗೆ ಅವರು ಹತ್ತು ವರ್ಷ ಇಲ್ಲಾ ಎರಡೂವರೆ ಲಕ್ಷ ಕಿಲೋಮೀಟರ್ ಅಂತಾರೆ, ಅದು ನಿಮ್ಮ ಕಾಗದದಲ್ಲೂ ಇರಬೇಕು."

"ನೀನೂ ಬಾ ಭಾನುವಾರ. ಅವರು ಇಂಗ್ಲಿಷಿನಲ್ಲಿ ಏನೇನೋ ಹೇಳ್ತಾರೆ, ನಂಗೆ ವೋಲ್ಟು ಕೇಳೋಕೆ ಬರಲ್ಲ."

ಹಿಂದಿನಿಂದ ಅತ್ತೆಯ ದನಿ ಕೇಳಿತು, ವೋಲ್ಟು ಆಮೇಲೆ, ಹಿಂದಿನ ಸೀಟಿಗೆ ಹತ್ತಿ ಇಳಿಯೋಕೆ ಮೊಣಕಾಲು ನೋಯದ ಹಾಗೆ ಇದೆಯಾ ಅಂತ ಮೊದಲು ನೋಡಬೇಕು ಅಂತ. ಭಾನುವಾರ ಹತ್ತು ಗಂಟೆಗೆ ಅತ್ತೆಯನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.